ತಕ್ಕಡಿಗೆ ಕೇಬಲ್ ಹಾಕಲು ಬಂದವಳು

ಅವಳು ಬಂದದ್ದೇ ನನ್ನ ಕುರ್ಚಿ ಕಿತ್ತುಕೊಳ್ಳೋಕೆ. ಬಂದವಳು ಅದೇ ಕುರ್ಚಿ ಎಳೆದುಕೊಂಡು ಕೂತಳು.

"ಕೆಂಡ ಅಂದ್ರೆ ನೀವೇನಾ?"

"ಕರೆಯೋರು ಹಾಗೆ ಕರೀತಾರೆ."

"ಮುಟ್ಟಿದ್ರೆ ಸುಡುತ್ತಾ?" ಕಣ್ಣೆತ್ತದೇ ಕೇಳಿದಳು. ತುಟಿಯ ಒಂದು ತುದಿ ಮಾತ್ರ ನಕ್ಕಿತು.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ, ಗಾಜಿನ ಗೂಡಿನೊಳಗಿನ ಸೂಕ್ಷ್ಮ ತಕ್ಕಡಿಯ ಮುಂದೆ ನಾಲ್ಕು ವರ್ಷ ಕೂತಿದ್ದೆ. ಹತ್ತು ನಿಮಿಷಕ್ಕೊಮ್ಮೆ ತೂಕ ನೋಡಿ ಬರೆಯೋದು, ಅಷ್ಟೇ ಕೆಲಸ. ಇನ್ನು ಅದನ್ನು ಎರಡನೇ ಮಹಡಿಯ ಕಂಪ್ಯೂಟರೇ ಸೀರಿಯಲ್ ಕೇಬಲ್ಲಿನಲ್ಲಿ ಕೇಳಿಕೊಳ್ಳುತ್ತಂತೆ. "ಮೂಗಿನ ತುದೀಲಿ ಕೋಪ ಇಟ್ಕೊಂಡೋನಿಗೆ ಇನ್ಯಾರು ಕೆಲಸ ಕೊಡ್ತಾರೋ?" ಅಂದಳು ಮನೇಲಿ ಅಕ್ಕ.

ಸಾಲದ್ದಕ್ಕೆ, ಆ ಕೇಬಲ್ಲಿನ ಬೆಸುಗೆಯನ್ನೂ ಇಂಜಿನಿಯರಮ್ಮ ನನ್ನ ಕೈಲೇ ಮಾಡಿಸಿದಳು.

"ಈ ಕಡೆ ಹೇಳೋ ವೈರು, ಆ ಕಡೆ ಕೇಳೋ ಪಿನ್ನಿಗೆ ಹೋಗ್ಬೇಕು. ಆ ಕಡೇದು ಈ ಕಡೆಗೆ. ಅಡ್ಡ ದಾಟಿಸಿ."

ದಾಟಿಸಲಿಲ್ಲ. ಹೇಳೋದಕ್ಕೆ ಹೇಳೋದನ್ನೇ ಕಟ್ಟಿದೆ. ಇಬ್ಬರೂ ಕೂಗಿಕೊಳ್ಳಲಿ, ಯಾರಿಗೂ ಕೇಳದಿರಲಿ.

ಎರಡು ದಿನ ಅವಳು ಮೇಲಿನ ಕಂಪ್ಯೂಟರಿನಿಂದ ತಕ್ಕಡಿಗೆ ಆಜ್ಞೆ ಕಳಿಸಿದಳು. ತಕ್ಕಡಿ ತುಟಿ ಬಿಚ್ಚಲಿಲ್ಲ. ಮೆಟ್ಟಿಲಿಳಿದು ಬಂದವಳ ಜಡೆಯ ತುದಿಗೆ ವೈರಿನ ತುಂಡು ಸುತ್ತಿತ್ತು. ನಾನು ನೋಡಿದೆ. ನೋಡಿದ್ದನ್ನು ಅವಳು ನೋಡಿದಳು. ಬೇಕಂತಲೇ ಬಿಚ್ಚಿ, ನಿಧಾನವಾಗಿ ಮತ್ತೆ ಸುತ್ತಿದಳು.

"ನಿಮ್ಮ ತಕ್ಕಡಿಗೂ ನಿಮ್ಮದೇ ಬುದ್ಧಿ. ಮಾತಾಡಿಸಿದ್ರೂ ಮಾತಿಲ್ಲ."

ಮೂರನೇ ದಿನ ಪ್ರಯೋಗಾಲಯದ ಮುಖ್ಯಸ್ಥರು ನನ್ನೆದುರೇ ಅವಳನ್ನು ತರಾಟೆಗೆ ತೆಗೆದುಕೊಂಡರು. "ಐದು ಗಂಟೆಯೊಳಗೆ ಆಗದಿದ್ರೆ ಗಂಟುಮೂಟೆ ಕಟ್ಟಿ."

"ತಪ್ಪು ನಂದೇ ಸರ್," ಅಂದು ಅವಳು ಮೇಲೆ ಹೋದಳು.

ಗೆದ್ದಿದ್ದೆ. ಗೆಲುವು ಮೂರು ನಿಮಿಷವೂ ರುಚಿಸಲಿಲ್ಲ. ಪ್ಲಗ್ ಬಿಚ್ಚಲು ಹೋದರೆ ಸ್ಕ್ರೂ ಆಗಲೇ ಸಡಿಲ. ಯಾರೋ ಬಿಚ್ಚಿ ನೋಡಿ, ಹಾಗೇ ಮುಚ್ಚಿಟ್ಟಿದ್ದರು.

ಬೆಸುಗೆ ಕರಗಿಸಿ, ಎರಡೂ ವೈರು ದಾಟಿಸಿ, ಪ್ಲಗ್ ಚುಚ್ಚಿದೆ. ತಕ್ಕಡಿಯ ಪುಟ್ಟ ಪರದೆಯಲ್ಲಿ ಅಂಕಿ ಅಳಿಸಿಹೋಗಿ, ಮೇಲಿನಿಂದ ಅವಳು ಕಳಿಸಿದ ಮಾತು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದೊಂದೇ ಪದವಾಗಿ ಮೂಡಿತು. "ಅಂತೂ ಕೋಪ ಇಳೀತಾ?"

ಗೊತ್ತಿದ್ದೂ ಬೈಸಿಕೊಂಡಿದ್ದಳು. ನನ್ನ ಕಿವಿ ಬಿಸಿಯಾಯಿತು.

ಮತ್ತೆ ಪದಗಳು. "ಕುರ್ಚಿ ಹೋಯ್ತು. ಸಾರಿ. ನನ್ನ ಜೊತೆ ಬಾ."

ಕೂಲಿಗೆ ಕರೀತಿದ್ದಾಳೆ ಅಂತ ಮೈ ಉರಿಯಿತು. ಅವಳಿಗೆ ಅದೂ ಗೊತ್ತಿತ್ತೇನೋ, ಪರದೆಯಲ್ಲಿ ಮತ್ತೆ ಮೂಡಿತು. "ಬೆಸುಗೆಗೆ ಯಾರಾದ್ರೂ ಸಿಕ್ತಾರೆ. ಜಗಳಕ್ಕೆ ನೀನೇ ಬೇಕು. ಹೂಂ ಅನ್ನೋದಾದ್ರೆ ತಟ್ಟೆ ಮುಟ್ಟು."

ಗಾಜು ಸರಿಸಿ ಬೆರಳಿಟ್ಟೆ. ಅಲುಗದೆ ನಿಂತ ಅಂಕಿಯನ್ನು ಮಾತ್ರ ತಕ್ಕಡಿ ಮೇಲಿನ ಕಂಪ್ಯೂಟರಿಗೆ ಕಳಿಸುತ್ತೆ. ನನ್ನದು ನಿಲ್ಲಲಿಲ್ಲ. ಉಸಿರು ಬಿಗಿಹಿಡಿದೆ, ಇನ್ನೂ ಕುಣಿಯಿತು. ಹಾಳು ಬೆರಳು. ಅಲ್ಲಿ ಅವಳ ಮುಂದೆ ಖಾಲಿ ಪರದೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಬಾಗಿಲಲ್ಲಿ ನಿಂತವಳಿಗೆ ಏದುಸಿರು. ನನ್ನ ಬೆರಳು ನೋಡಿದಳು, ಆಮೇಲೆ ನನ್ನನ್ನು.

"ಎಷ್ಟು ಹೊತ್ತಿಂದ ಹಿಂಗೆ ಇಟ್ಕೊಂಡಿದ್ದೀಯೋ?"

"ನೀನು ಕೇಳಿದಾಗಿಂದ."