ಒಂದು ಗಂಟೆ ಹತ್ತು ನಿಮಿಷ

ಮೂವತ್ತು ವರ್ಷದಿಂದ ಶಿಡ್ಲಘಟ್ಟದಲ್ಲಿ ರೇಷ್ಮೆಹುಳ ಸಾಕುತ್ತಿದ್ದೇನೆ. ಯಾವ ಗೂಡಿನಿಂದ ಯಾವತ್ತು ಚಿಟ್ಟೆ ಬರುತ್ತದೆಂದು ನನ್ನನ್ನು ಕೇಳಿ. ಆ ದಿನಕ್ಕೆ ಬಿದಿರಿನ ತಟ್ಟೆಯಲ್ಲಿ, ಅಂದರೆ ಚಂದ್ರಿಕೆಯಲ್ಲಿ, ಹುಳಗಳು ಗೂಡು ಕಟ್ಟಿ ನಾಲ್ಕೇ ದಿನವಾಗಿತ್ತು. ಚಿಟ್ಟೆ ಬರಲು ಇನ್ನೂ ಒಂದು ವಾರ ಬೇಕಿತ್ತು. ಮೊಮ್ಮಗಳು ಕಣ್ಣಾರೆ ನೋಡಲಿ ಎಂದು ಹತ್ತು ಗೂಡು ಡಬ್ಬಿಗೆ ಹಾಕಿಕೊಂಡು ಬೆಳಿಗ್ಗೆ ಹೈದರಾಬಾದಿನ ವಿಮಾನ ಹತ್ತಿದೆ. ಐನೂರು ಕಿಲೋಮೀಟರ್, ಒಂದು ಗಂಟೆ ಹತ್ತು ನಿಮಿಷದ ದಾರಿ. ನಾನು ನಿದ್ದೆ ಮಾಡಲಿಲ್ಲ.

ಮೋಡದೊಳಗೆ ಹೋದಾಗ ತೊಡೆಯ ಮೇಲಿನ ಡಬ್ಬಿ ತಣ್ಣಗಾಯಿತು. ಒಳಗೆ ಪಟಪಟ ಸದ್ದಾಗಿ, ನಿಂತುಹೋಯಿತು. ಪಕ್ಕದ ಹೆಂಗಸು ಮುಡಿದಿದ್ದ ಹಸಿ ಮಲ್ಲಿಗೆ ಇಳಿಯುವಾಗ ಒಣಗಿ ಕಂದಾಗಿತ್ತು.

ಇಳಿದ ಮೇಲೆ ಡಬ್ಬಿ ತೆರೆದೆ. ಎಲ್ಲ ಗೂಡೂ ತೂತಾಗಿತ್ತು. ಚಿಟ್ಟೆಗಳು ಮೊಟ್ಟೆಯಿಟ್ಟು, ಸತ್ತು, ಒಣಗಿದ್ದವು. ನನ್ನ ಕೈಗಡಿಯಾರದಲ್ಲಿ ಮಾತ್ರ ಒಂದು ಗಂಟೆ ಹತ್ತು ನಿಮಿಷವೇ ಕಳೆದಿತ್ತು. ಹೆಂಡತಿ ಆದಿಲಕ್ಷ್ಮಮ್ಮನಿಗೆ ಫೋನ್ ಮಾಡಿ, ಚಂದ್ರಿಕೆಯಲ್ಲಿ ಉಳಿದ ಗೂಡು ನೋಡಲು ಹೇಳಿದೆ.

"ಒಂದೂ ತೂತಾಗಿಲ್ಲ ಕಣ್ರೀ. ಈಗ ತಾನೆ ಹೋದ್ರಲ್ಲ, ಅಷ್ಟರಲ್ಲಿ ಏನಾಯ್ತು?"

ಕರೆದೊಯ್ಯಲು ಬಂದಿದ್ದ ಮಗಳು ಕವಿತ ನನ್ನ ಮುಖವನ್ನೇ ನೋಡಿದಳು. "ಯಾಕಪ್ಪಾ ಇಷ್ಟೊಂದು ಗಡ್ಡ ಬಿಟ್ಟಿದೀಯ?"

ಬೆಳಿಗ್ಗೆ ಹೊರಡುವ ಮುಂಚೆ ನುಣ್ಣಗೆ ಬೋಳಿಸಿಕೊಂಡಿದ್ದ ಗಲ್ಲವನ್ನು ಸವರಿದೆ. ಬಿಳಿ ಗಡ್ಡ ಬೆರಳಿಗೆ ಸಿಕ್ಕಿತು.