ಚುಕ್ಕೆ ಹಕ್ಕಿಯ ಹೆಸರು

ಆಲದ ಕೊಂಬೆಯ ಮೇಲಿದ್ದ ಹಕ್ಕಿಯ ಕಣ್ಣು ಕೆಂಪಗಿರುವುದು ಡ್ರಾಯಿಂಗ್ ಮೇಷ್ಟ್ರು ಡೊಮಿನಿಕ್‌ಗೆ ಕೆಳಗಿನಿಂದಲೇ ಕಂಡಿತು. ಎದುರಿಗೇ ನಿಂತಿದ್ದ ಪೌಲಿನ್‌ಳ ಕಣ್ಣೂ ಅತ್ತು ಕೆಂಪಾಗಿತ್ತು. ಅದು ಮಾತ್ರ ಕಾಣಲಿಲ್ಲ! ಏನು ಹೇಳೋಣ ಇಂಥ ಗಂಡಸಿಗೆ?

“ಮೈತುಂಬ ಬಿಳಿ ಚುಕ್ಕೆ, ಬಾಲದಲ್ಲಿ ಪಟ್ಟೆ. ಗಿಡುಗನ ಜಾತಿನೇ ಕಣ್ರೀ,” ಎನ್ನುತ್ತ ಅವನು ಹಕ್ಕಿಗಳ ಪುಸ್ತಕದ ಪುಟ ಮಗುಚಿದ.

“ಗಿಡುಗ ಆಲದ ಹಣ್ಣು ತಿನ್ನುತ್ತಾ ಮೇಷ್ಟ್ರೇ?”

“ಅದೇ ತಲೆ ಕೆಡ್ತಿರೋದು.”

ಶನಿವಾರ ಬಂತೆಂದರೆ, ಚರ್ಚಿನಲ್ಲಿ ಹಾಡಿನ ಅಭ್ಯಾಸ ಮುಗಿದ ಮೇಲೆ ಈ ಮರದಡಿ ಇದೇ ಜಗಳ. ಪೌಲಿನ್‌ಳ ಸೋದರತ್ತೆ ಆರೋಗ್ಯಮೇರಿ ಕಾವಲಿಗೆಂದು ಅಷ್ಟು ದೂರದಲ್ಲಿ ಕುಳಿತು ಜಪಮಣಿ ಎಣಿಸುವರು. ಭೇಟಿಯ ನೆಪ ತಪ್ಪದಿರಲಿ, ಹಕ್ಕಿಯ ಹೆಸರು ಸಿಗದಿದ್ದರೆ ಸಾಕಪ್ಪಾ ಎಂದು ಪೌಲಿನ್ ಬೇಡಿಕೊಂಡದ್ದೂ ಉಂಟು. ಇವತ್ತು ಮಾತ್ರ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವಳು, ಬಿಚ್ಚುವಳು, ಮತ್ತೆ ಸುತ್ತುವಳು.

“ನಾಳೆ ಪೂಜೆಯಲ್ಲಿ ನನ್ನ ಹೆಸರು ಓದ್ತಾರೆ. ಬೆಂಗಳೂರಿನ ಹುಡುಗನ ಜೊತೆ. ಇವತ್ತು ಸಂಜೆ ಅಪ್ಪ ಪಾದ್ರಿಗಳಿಗೆ ಹೇಳಿ ಬರ್ತಾರೆ.”

ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಚರ್ಚಿನಲ್ಲಿ ಓದುವುದು ಪದ್ಧತಿ. ಒಂದು ಸಲ ಓದಿದ ಮೇಲೆ ಹಿಂದೆ ಸರಿದರೆ ಅಪ್ಪ ಮೈಸೂರಲ್ಲಿ ತಲೆ ಎತ್ತುವ ಹಾಗಿಲ್ಲ.

ಡೊಮಿನಿಕ್ ಪುಸ್ತಕ ಮುಚ್ಚಿದ, ತೆರೆದ. “ಒಳ್ಳೇ ಮನೆತನವಾ?”

ಅದೇ ಪುಸ್ತಕದಿಂದ ಅವನ ತಲೆಗೆ ಒಂದು ಕುಕ್ಕಬೇಕೆನಿಸಿತು ಪೌಲಿನ್‌ಗೆ.

ಅಷ್ಟರಲ್ಲಿ ಕುಹೂ ಕುಹೂ ಎಂದು ಕೂಗುತ್ತ ಕರೀ ಕೋಗಿಲೆಯೊಂದು ಬಂತು. ಚುಕ್ಕೆ ಹಕ್ಕಿ ಹಾರಿಹೋಗಲಿಲ್ಲ. ಕರಿಯದು ಪಕ್ಕಕ್ಕೆ ಸರಿದು, ಹಣ್ಣೊಂದನ್ನು ಕಿತ್ತು ಅದರ ಕೊಕ್ಕಿಗಿಟ್ಟಿತು.

“ಅಯ್ಯೋ, ಇದು ಹೆಣ್ಣು ಕೋಗಿಲೆ!” ಎಂದಳು ಪೌಲಿನ್.

“ಪುಸ್ತಕದಲ್ಲಿ ಕೋಗಿಲೆ ಕಪ್ಪಗಿದೆಯಲ್ರೀ...”

“ಅದರಲ್ಲಿ ಗಂಡಿನ ಚಿತ್ರ ಮಾತ್ರ ಹಾಕಿದಾರೆ. ಕೂಗಿ ಕರೆಯೋದು ಗಂಡು, ನೋಡಿದ್ರಾ? ನಿಮಗೇನು ದಾಡಿ, ಬಾಯಿಬಿಟ್ಟು ಕೇಳೋಕೆ?”

ಅವನ ಕಿವಿ ಕೆಂಪೇರಿತು. “ಮೇಷ್ಟ್ರಿಗೆ ಕೊಡ್ತಾರಾ ನಿಮ್ಮಪ್ಪ?”

“ಕೇಳಿದ್ರೆ ತಾನೇ!”

“ಪೌಲಿನ್,” ಅವನು ಪುಸ್ತಕವನ್ನು ಕೆಳಗಿಟ್ಟ. “ನೀನಿಲ್ದೆ ನನ್ನ ಕೈಲಾಗಲ್ಲ.”

ನೀನು ಎಂದನಲ್ಲ! ಅಳುವೂ ನಗುವೂ ಒಟ್ಟಿಗೇ ಉಕ್ಕಿ ಬಂದವು. “ನನಗೆ ಹೇಳಿ ಏನು ಪ್ರಯೋಜನ? ಅಪ್ಪನಿಗೆ ಹೇಳಿ.”

“ಬೇಗ ಹೋಗಪ್ಪಾ,” ಎಂದರು ಅತ್ತೆ, ಮಣಿಯಿಂದ ಬೆರಳು ತೆಗೆಯದೆ. “ಅಣ್ಣ ಕೋಟು ಹಾಕ್ಕೊಳ್ಳೋ ಹೊತ್ತಾಯ್ತು.”

ಡೊಮಿನಿಕ್ ಪಂಚೆ ಎತ್ತಿಕಟ್ಟಿ ಓಡಿದ. ಪೌಲಿನ್ ಅವನನ್ನೂ ಹಿಂದೆ ಹಾಕಿ ಓಡಿದಳು. ಅವನು ಬಂದು ಕೇಳುವ ತನಕ ಅಪ್ಪ ಹೊಸಿಲು ದಾಟದ ಹಾಗೆ ಬಾಗಿಲಿಗೆ ಯಾರಾದರೂ ಅಡ್ಡ ನಿಲ್ಲಬೇಕಿತ್ತಲ್ಲ!