ಮರದ ನಾಬು, ಖಾಲಿ ರೀಲು

ಬೆಳಕು ತಾಗದ ಹಾಗೆ ಕಪ್ಪು ಬಟ್ಟೆಯ ಚೀಲದೊಳಗೆ ಎರಡೂ ಕೈ ತೂರಿಸಿ ಹಳೇ ಕ್ಯಾಮೆರಾದ ಹಿಂಬಾಗಿಲು ತೆರೆದ ರತನ್ ಒಮ್ಮೆ ತಡವಿದ. ಇನ್ನೊಮ್ಮೆ ತಡವಿದ. ಮುಖ ಸಪ್ಪಗಾಯಿತು.

“ಸ್ವಾತಿಯಕ್ಕ, ಫಿಲಂ ಇಲ್ಲೆ.”

“ಇಲ್ಲೆ ಅಂದ್ರೆ ಎಂತ?”

“ಖಾಲಿ ರೀಲ್ ಒಂದೇ ಇಪ್ಪುದ್. ಫಿಲಂ ಸುತ್ತಿದ್ದನ್ನ ಯಾರೋ ತೆಕ್ಕಂಡ್ ಹೋಯಿರ್.”

ಅವನು ಕ್ಯಾಮೆರಾವನ್ನು ಹೊರತೆಗೆದು ಮೇಜಿನ ಮೇಲಿಟ್ಟ. ಮತ್ತೆ ಮುಟ್ಟಲು ಹೋದವನ ಕೈಯನ್ನು ಸ್ವಾತಿ ಹಿಡಿದಳು. ತೆರೆದ ಬಾಗಿಲು, ಒಳಗಿನ ರೀಲು ಎಲ್ಲ ಇದ್ದ ಹಾಗೇ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡಳು. ಹೆಡ್ ಕಾನ್‌ಸ್ಟೆಬಲ್ ಕೈ, ರಜೆಯಲ್ಲಿದ್ದರೂ ಸುಮ್ಮನಿರುತ್ತದೆಯೇ?

ಮೂಲೆಯ ಸ್ಟೂಲಿನಲ್ಲಿ ಅವಳ ಅಮ್ಮ ವನಜ ಕೂತಿದ್ದಳು. ಪಾಪ, ಇಸ್ತ್ರಿ ಮಾಡಿದ ಸೀರೆ ಉಟ್ಟು ನಾವುಂದದಿಂದ ಮೊದಲ ಬಸ್ಸಿಗೇ ತಲ್ಲೂರಿನ ಈ ಅಂಗಡಿಗೆ ಬಂದಿದ್ದಳು. ಬಂದದ್ದು ಗಂಡನ ಮುಖ ಅಡಗಿದ್ದ ಫಿಲಂ ಹೊರಬರುವುದನ್ನು ನೋಡಲು.

ವನಜಳ ಗಂಡ ಭೋಜ ಮದುವೆಯಾದ ಮೂರೇ ತಿಂಗಳಿಗೆ ದೋಣಿ ಮಗುಚಿ ತೀರಿಕೊಂಡವನು. ಆಗ ಸ್ವಾತಿ ಹೊಟ್ಟೆಯಲ್ಲಿದ್ದಳು. ಅವನದೊಂದು ಫೋಟೋ ಎಲ್ಲಿಯೂ ಇಲ್ಲ. ಮದುವೆಯ ಫೋಟೋವಾದರೂ ಇರಬೇಕಿತ್ತು. ಅದಕ್ಕೆ ಬೆಳಕು ಬಿದ್ದು ಹಾಳಾಯಿತು ಅಂದರಂತೆ ಫೋಟೋದವರು. ಯಾವ ಸ್ಟುಡಿಯೋ ಎಂಬುದು ಭೋಜನಿಗೆ ಮಾತ್ರ ಗೊತ್ತಿತ್ತು. ತಲೆ ತಗ್ಗಿಸಿ ಕೂತಿದ್ದ ಮದುಮಗಳಿಗೆ ಫೋಟೋದವನ ಮುಖ ನೋಡುವ ಧೈರ್ಯ ಎಲ್ಲಿಂದ ಬರಬೇಕು? ಅತ್ತೆ ಬಾಗಿ ಮಾತ್ರ ಅದನ್ನೇ ಹಿಡಿದುಕೊಂಡು ಕೂತರು. ಸೊಸೆಯ ಕಾಲ್ಗುಣಕ್ಕೆ ಮದುವೆಯ ಫೋಟೋವೂ ನಿಲ್ಲಲಿಲ್ಲ, ಮಗನೂ ನಿಲ್ಲಲಿಲ್ಲ ಎಂದು ಮೂವತ್ತೆರಡು ವರ್ಷದಿಂದ ಹೇಳುತ್ತಲೇ ಇದ್ದಾರೆ. ವನಜ ಕೇಳುತ್ತಲೇ ಇದ್ದಾಳೆ.

ಹೀಗಿರುವಾಗ, ಮೊಬೈಲ್ ರಿಪೇರಿ ಅಂಗಡಿಯ ರತನ್‌ಗೆ ಬ್ರಹ್ಮಾವರದ ಗುಜರಿಯಲ್ಲಿ ಈ ಎರಡು ಕಣ್ಣಿನ ಕ್ಯಾಮೆರಾ ಸಿಕ್ಕಿತು. ಫಿಲಂ ಸುತ್ತುವ ನಾಬು ಕಾಣೆ. ಚರ್ಮದ ಚೀಲದ ಮಡಿಕೆಯಲ್ಲಿ ಒಂದು ಚೀಟಿ: ‘ಭೋಜ, ನಾವುಂದ, ಮದುವೆ, ಮೇ 93’. ಹಿಂದಿನ ಕೆಂಪು ಗಾಜಿನ ಕಿಂಡಿಯಲ್ಲಿ ಎಂಟು ಎಂಬ ಅಂಕಿ. ಅಂದರೆ ಎಂಟು ಫೋಟೋ ತೆಗೆದ ಫಿಲಂ ಇನ್ನೂ ಒಳಗೇ ಇತ್ತು. ಚೀಟಿಯ ಹೆಸರು ಹಿಡಿದು ರತನ್ ನಾವುಂದದಲ್ಲಿ ವಿಚಾರಿಸಿ ವನಜಳ ಮನೆ ಹುಡುಕಿದ್ದ.

* * *

“ಶುರುವಿಂದ ಹೇಳ್,” ಎಂದಳು ಸ್ವಾತಿ.

ರತನ್ ಹೇಳಿದ. ಕ್ಯಾಮೆರಾ ತಂದ ದಿನ ಅವನು ಸೀದಾ ಬಾಗಿಲು ತೆರೆಯಲು ಹೊರಟಿದ್ದನಂತೆ. ದಿನಾ ಸಂಜೆ ಪೇಪರ್ ಓದಲು ಬರುವ ರವಿಚಂದ್ರಣ್ಣ ಕೂಗಿ ನಿಲ್ಲಿಸಿದರು. “ಹ್ವಾಯ್, ತೆಗೀಬೇಡ ಮಾರಾಯ! ಫಿಲಂ ಸುಟ್ಟ್ ಹೋತ್!” ಎಂದರು. ಅವರು ಒಂದು ಕಾಲದಲ್ಲಿ ಕುಂದಾಪುರದಲ್ಲಿ ಸ್ಟುಡಿಯೋ ಇಟ್ಟಿದ್ದವರು. ಮೊದಲು ನಾಬು ಮಾಡಿಸು, ಫಿಲಂ ಪೂರ್ತಿ ಸುತ್ತಿಕೊಳ್ಳಲಿ, ಆಮೇಲೆ ತೆಗೆ ಎಂದು ಹೇಳಿಕೊಟ್ಟವರೂ ಅವರೇ.

ಆ ಕ್ಯಾಮೆರಾದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ, ನಾಬು ಎಲ್ಲಿ ಸಿಗಬೇಕು? ರತನ್ ಹಂಗಾರಕಟ್ಟೆಗೆ ಹೋಗಿ ದೋಣಿ ಕಟ್ಟುವ ಮುತ್ತನ ಮುಂದೆ ಕ್ಯಾಮೆರಾ ಇಟ್ಟ. ಮುತ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಸಾಗುವಾನಿ ಚೂರನ್ನು ಕಡೆದು, ದೋಣಿಯ ಹಿತ್ತಾಳೆ ಮೊಳೆಯನ್ನು ಚಪ್ಪಟೆ ಬಡಿದು ಅದಕ್ಕೆ ಕೂರಿಸಿದ. ಒಂದು ಚಾ ಕುಡಿಯುವಷ್ಟರಲ್ಲಿ ನಾಬು ತಯಾರು. ಮಂಗಳವಾರ ಸಂಜೆ ರತನ್ ಅದನ್ನು ತಿರುಗಿಸಿ ಫಿಲಂ ಪೂರ್ತಿ ಸುತ್ತಿಟ್ಟ. ಸ್ವಾತಿಗೆ ರಜೆ ಸಿಗುವುದು ಗುರುವಾರ. ಅವಳ ಎದುರೇ ತೆಗೆಯಬೇಕು ಎಂದು ವನಜ ಹಟ ಹಿಡಿದಿದ್ದಳು. ಅದಕ್ಕೇ ಕಾದದ್ದು.

“ನಿನ್ನೆ ಮಧ್ಯಾಹ್ನ ಊಟಕ್ಕೆ ಹೋಯ್ದಿದ್ಯಾ? ಕೀ ಎಲ್ಲಿತ್ತ್?”

“ಮೀಟರ್ ಬಾಕ್ಸಿನ ಮೇಲೆ.”

“ಗೊತ್ತಿಪ್ಪುದ್ ಯಾರ್‌ಗೆ?”

“ಅಂಗ್ಡಿಗೆ ಬಪ್ಪೊರಿಗೆ ಎಲ್ಲರಿಗೂ,” ಎಂದು ರತನ್ ತಲೆ ಕೆರೆದುಕೊಂಡ. “ವಿಶಾಲನೂ ನಿನ್ನೆ ಬಂದಿದ್ದ.”

ಬ್ರಹ್ಮಾವರದ ವಿಶಾಲ್ ಹಳೇ ಫಿಲಂ ಹುಡುಕಿ, ತೊಳೆಸಿ, ಯೂಟ್ಯೂಬಿಗೆ ಹಾಕುವ ಆಸಾಮಿ. ಈ ಫಿಲಂ ಮುಂಬೈ ಲ್ಯಾಬಿಗೆ ಕಳಿಸುವ ಜವಾಬ್ದಾರಿ ಅವನದೇ ಆಗಿತ್ತು. ‘ಈ ಮದುವೆ ಫೋಟೋ ತೆಗೆದದ್ದು ಯಾರು?’ ಎಂದು ವಿಡಿಯೋ ಮಾಡುವುದಾಗಿ ಅಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

ಅಷ್ಟರಲ್ಲಿ ವನಜ ಎದ್ದು ನಿಂತಳು. “ಸಾಕ್ ಬಿಡ್, ಮಗಾ. ನಮ್ ಹಣೇಲಿ ಇಲ್ಲೆ ಅದ್.”

ಸ್ವಾತಿ ಅಮ್ಮನನ್ನು ಬಸ್ಸು ಹತ್ತಿಸಿ, ಕ್ಯಾಮೆರಾವನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಬ್ರಹ್ಮಾವರದ ದಾರಿ ಹಿಡಿದಳು.

* * *

ವಿಶಾಲ್ ಹೆದರಲಿಲ್ಲ, ಸಿಟ್ಟಾದ.

“ನಂಗೆ ಬಪ್ಪುದೇ ಇದ್ದಿತ್, ಮತ್ತೆ ನಾನ್ ಎಂತಕ್ಕೆ ಕದಿಲಿ?”

ಮಾತು ಸರಿಯೇ. ಆದರೂ ಸ್ವಾತಿ ಬಿಡಲಿಲ್ಲ. “ನಿನ್ ಹತ್ರ ಇಂಥಾ ಫಿಲಂ ಇತ್ತಾ? ಹಾಕಿ ತೆಗ್ದ್ ತೋರ್ಸ್.”

ಅವನು ಅವಧಿ ಮುಗಿದ ಒಂದು ರೋಲು ತಂದ. ಫಿಲಂ ಇರುವ ರೀಲು ಕೆಳಗೆ, ಖಾಲಿ ರೀಲು ಮೇಲೆ. ಮುತ್ತನ ನಾಬು ತಿರುಗಿಸಿದ ಹಾಗೆಲ್ಲ ಫಿಲಂ ಮೇಲಿನ ರೀಲಿಗೆ ಸುತ್ತಿಕೊಂಡಿತು. ಮುಗಿದ ಮೇಲೆ ಬಾಗಿಲು ತೆರೆದು ಮೇಲಿನದನ್ನು ತೆಗೆದ. ಕೆಳಗೆ ಖಾಲಿ ರೀಲು ಉಳಿಯಿತು.

“ಈಗ ಇದ್ ಕೆಳಗೇ ಇಪ್ಪುದಾ?”

“ಹೌದ್. ಇನ್ನೊಂದ್ ಫಿಲಂ ಹಾಕ್ವಾಗ ಮೇಲೆ ಹಾಕ್ಕ್. ಈಗೆಂತ ಅವಸರ?”

ಸ್ವಾತಿ ಮೊಬೈಲ್ ತೆರೆದು ಬೆಳಗಿನ ಫೋಟೋ ನೋಡಿದಳು. ಖಾಲಿ ರೀಲು ಮೇಲಿತ್ತು.

ರತನ್‌ಗೆ ಫೋನು ಮಾಡಿದಳು. ಚೀಲದೊಳಗೆ ತಡವಿ ನೋಡಿದ್ದೇ ಹೊರತು ತಾನು ಯಾವ ರೀಲನ್ನೂ ಕದಲಿಸಿಲ್ಲ ಎಂದು ಅವನು ಆಣೆ ಹಾಕಿದ. ಹಾಗಾದರೆ ಅದನ್ನು ಮೇಲಕ್ಕೆ ಇಟ್ಟದ್ದು ಕಳ್ಳನೇ. ಕದ್ದು ಓಡುವ ಗಡಿಬಿಡಿಯಲ್ಲಿ ಅಂಥ ಕೆಲಸ ಯಾರು ಮಾಡುತ್ತಾರೆ?

ಉತ್ತರ ಹೊಳೆದಾಗ ಅವಳಿಗೆ ಖುಷಿಯಾಗಲಿಲ್ಲ, ಬೇಸರವೇ ಆಯಿತು. ವಿಶಾಲನ ಹಳೇ ರೋಲನ್ನು ಮತ್ತೆ ಹಾಕಿಸಿ, ಪೂರ್ತಿ ಸುತ್ತಿಸಿಕೊಂಡು ಹೊರಟಳು.

* * *

ರವಿಚಂದ್ರಣ್ಣ ತಮ್ಮ ಮನೆಯ ಜಗಲಿಯಲ್ಲಿ ಕೂತಿದ್ದರು. ಎಪ್ಪತ್ತು ದಾಟಿದರೂ ಬೆರಳು ನಡುಗದ ಮನುಷ್ಯ.

“ಇದ್ರಾಗೆ ಒಂದ್ ಹಳೇ ಫಿಲಂ ಹಾಕಿ ಕಂಡೆ. ಒಂಚೂರ್ ತೆಗ್ದ್ ಕೊಡಿ. ನಂಗ್ ಬತ್ತಿಲ್ಲೆ,” ಎಂದು ಸ್ವಾತಿ ಕ್ಯಾಮೆರಾವನ್ನು ಅವರ ಮಡಿಲಲ್ಲಿಟ್ಟಳು.

ಅವರು ಬಾಗಿಲು ತೆರೆದರು. ಮೇಲಿನ ರೋಲು ತೆಗೆದರು. ಕಾಗದದ ತುದಿಯನ್ನು ನಾಲಿಗೆಗೆ ತಾಗಿಸಿ ಅಂಟಿಸಿದರು. ಅಷ್ಟರಲ್ಲಿ ಎಡಗೈ ಕೆಳಗಿನ ಖಾಲಿ ರೀಲನ್ನು ಎತ್ತಿ ಮೇಲೆ ಕೂರಿಸಿ, ಮರದ ನಾಬನ್ನು ಅರೆಸುತ್ತು ತಿರುಗಿಸಿ ಆಗಿತ್ತು. ಟಕ್ ಎಂದಿತು. ಅವರು ಕ್ಯಾಮೆರಾದ ಕಡೆ ನೋಡಿಯೂ ಇರಲಿಲ್ಲ.

ಸ್ವಾತಿ ಬೆಳಗಿನ ಫೋಟೋವನ್ನು ಅವರ ಮುಂದೆ ಹಿಡಿದಳು.

“ಇದೂ ಹೀಂಗೇ ಇದ್ದಿತ್, ರವಿಚಂದ್ರಣ್ಣ. ರತನ್ ಇಂಥಾ ಕ್ಯಾಮೆರಾ ಮುಟ್ಟಿದ್ದೇ ಈ ವಾರ. ಮುತ್ತಣ್ಣ ಇದ್ರ್ ಒಳಗನ್ನೇ ಕಂಡಿಲ್ಲ. ವಿಶಾಲ್ ರೀಲ್ ಕೆಳಗೇ ಬಿಡ್ತ, ಅವ್ನಿಗೆ ಅವಸರ ಇಲ್ಲ. ಒಂದ್ ಮುಗುದ್ ಕೂಡ್ಲೇ ಇನ್ನೊಂದ್ ಹಾಕೂಕೆ ತಯಾರ್ ಮಾಡುದ್ ಮದಿಮನೇಲಿ ಫೋಟೋ ತೆಗ್ದ್ ತೆಗ್ದ್ ಪಳಗಿದ್ ಕೈ ಮಾತ್ರ.”

ರವಿಚಂದ್ರಣ್ಣ ತಮ್ಮ ಕೈಯನ್ನೇ ನೋಡಿಕೊಂಡರು.

“ಆ ಮದಿಗೆ ಫೋಟೋ ತೆಗೂಕೆ ಬಂದದ್ದ್ ನಾನೇ,” ಎಂದರು. “ಮೇ ತಿಂಗ್ಳ್. ಅದೇ ದಿನ ಬೈಂದೂರಂಗೆ ಇನ್ನೊಂದ್ ಮದಿ ಒಪ್ಕಂಡಿದ್ದೆ. ಎಂಟ್ ಫೋಟೋ ಆಪ್ಪತಿಗೆ ನಾಬ್ ಕಳಚಿ ಚಪ್ಪರದ ಮರಳಿನೊಳ್ಗೆ ಬಿತ್ತ್. ಹುಡ್ಕೂಕೆ ನಿಲ್ದೆ ಓಡ್ದೆ. ಆಮೇಲೆ ಭೋಜ ಕೇಂಬುಕೆ ಬಂದ. ಎಂಟೇ ಫೋಟೋ ತೆಗ್ದ್ ಓಡಿದ್ದ್ ಗೊತ್ತಾತ್ ಅಂದೇಳಿ ಹಾಳಾಯ್ತ್ ಅಂದೆ. ಮೂರ್ ತಿಂಗ್ಳಿಗೆ ಅವನೇ ಹೋದ. ಮತ್ತೆ ಯಾವ ಮೋರೆ ಹೊತ್ಕಂಡ್ ಬಪ್ಪುದ್? ಕ್ಯಾಮೆರಾ ಅಟ್ಟಕ್ಕೆ ಹಾಕ್ದೆ. ಸ್ಟುಡಿಯೋ ಖಾಲಿ ಮಾಡ್ವಾಗ ಅಳಿಯ ಗುಜರಿಗೆ ಕೊಟ್ಟದ್ದ್ ನಂಗೇ ಗೊತ್ತಿಲ್ಲೆ.”

“ರತನ್ ಬಾಗ್ಲ್ ತೆಗೂಕೆ ಹೊರ‍್ಟಾಗ ಸುಮ್ನಿದ್ದಿರೆ ಫಿಲಂ ಸುಟ್ಟ್ ಹೋತಿತ್. ನಿಮ್ ಸುಳ್ಳ್ ಉಳೀತಿತ್.”

“ಫಿಲಂ ಹಾಳಾಪುದನ್ನ ಕಣ್ಣಾರೆ ಕಾಂಬುಕೆ ನನ್ ಹತ್ರ ಆತಿಲ್ಲೆ, ಮಗಾ. ಆದ್ರೆ ವಿಶಾಲ ಫೋಟೋ ತೆಗದ್ದ್ ಯಾರ್ ಅಂತ ಊರಿಗೆಲ್ಲಾ ಕೇಂತೆ ಅಂದ ಕಾಣ್, ಅಲ್ಲಿ ಹೆದ್ರಿಕಿ ಆಯ್ತ್.”

“ಫಿಲಂ?”

“ನಿನ್ನೆ ರಾತ್ರಿ ನಾನೇ ತೊಳ್ದೆ. ಮೂರ್ ಫೋಟೋ ಬಂದಿತ್.”

ಸ್ವಾತಿಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. “ಹೆದ್ರಿಕಿ ನಿಮ್ಗೆ! ನಿಮ್ ಆ ಒಂದ್ ಮಾತಿಗೆ ನಮ್ಮಮ್ಮ ಮೂವತ್ತೆರಡ್ ವರ್ಷ ಕಾಲ್ಗುಣ ಸಮ ಇಲ್ಲ ಅಂತ ಹೇಳ್ಸ್ಕಂಡ್ಳ್. ಗೊತ್ತಿತ್ತಾ?”

ಅವರಿಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ನೆಗೆಟಿವಿದ್ದ ಲಕೋಟೆ ತಂದು, ಚಪ್ಪಲಿ ಮೆಟ್ಟಿದರು.

“ನಾನೇ ಬತ್ತೆ. ಕರ್ಕಂಡ್ ಹೋಗ್.”

* * *

ದಾರಿಯಲ್ಲಿ ಅಂಗಡಿಗೆ ಹೋದಾಗ ರತನ್ ನೆಗೆಟಿವಿನಿಂದ ಮೊಬೈಲಿನಲ್ಲಿ ಫೋಟೋ ಮಾಡಿ, ಒಂದು ಪ್ರಿಂಟ್ ತೆಗೆದುಕೊಟ್ಟ. ಸ್ವಾತಿ ಅದನ್ನು ತಿರುಗಿಸಿ ನೋಡಲಿಲ್ಲ. ಮೊದಲು ನೋಡಬೇಕಾದವಳು ತಾನಲ್ಲ ಎಂದುಕೊಂಡಳು.

ನಾವುಂದದ ಮನೆಯ ಅಂಗಳದಲ್ಲಿ ರವಿಚಂದ್ರಣ್ಣ ನಿಂತುಕೊಂಡೇ ಎಲ್ಲವನ್ನೂ ಒಪ್ಪಿಕೊಂಡರು. ವನಜ ಪ್ರಿಂಟಿಗೆ ಕೈ ಚಾಚಲಿಲ್ಲ.

“ಇದನ್ನ ನಂಗ್ ಹೇಳೂದ್ ಬ್ಯಾಡ,” ಎಂದಳು. “ಅತ್ತೆ ಒಳಗಿದ್ರ್. ಅವ್ರಿಗ್ ಹೇಳಿ.”

ಅವರು ಒಳಗೆ ಹೋದರು. ಮಂಚದ ಮೇಲೆ ಕೂತಿದ್ದ ಬಾಗಿಗೆ ತೊಂಬತ್ತರ ಹತ್ತಿರ. ಕಿವಿ ಮಂದ. ರವಿಚಂದ್ರಣ್ಣ ಎರಡೆರಡು ಸಲ, ದೊಡ್ಡ ದನಿಯಲ್ಲಿ ಹೇಳಬೇಕಾಯಿತು: ಫಿಲಂ ಹಾಳಾಗಿರಲಿಲ್ಲ, ನಾನು ಸುಳ್ಳು ಹೇಳಿದ್ದೆ. ಅಕ್ಕಪಕ್ಕದ ಮನೆಯವರಿಗೂ ಕೇಳಿಸಿತು.

ಮುದುಕಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿದರು.

“ವನಜಾ, ಇಲ್ ಬಾ. ಇಲ್ಲೇ ಕೂಕೊ, ನನ್ ಹತ್ರ.”

ಆ ಮಂಚದ ಮೇಲೆ ವನಜ ಯಾವತ್ತೂ ಕೂತವಳಲ್ಲ. ಈಗ ಕೂತಳು. ಅತ್ತೆ ಫೋಟೋವನ್ನು ಅವಳ ಕೈಗೆ ಕೊಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡು, “ನಂದ್ ತಪ್ಪಾಯ್ತ್, ಹೆಣ್ಣೇ,” ಎಂದರು. ವನಜಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಸ್ವಾತಿ ಅಮ್ಮನ ಹೆಗಲ ಮೇಲಿನಿಂದ ಬಗ್ಗಿ ಅಪ್ಪನ ಮುಖ ನೋಡಿದಳು.